ವಿಧಾನಸೌಧದ ಬೀಟು, ಮೂರೂವರೆ ವರ್ಷದ ಮಗಳು: ವಾಪಸ್ ಕೇಳಲಾ, ಬೇಡವಾ?

ಮೂರನೇಮಹಡಿ · ಭಾನುವಾರ ರಾತ್ರಿ 11:52

ಮಗಳು ಈಗಷ್ಟೇ ಮಲಗಿದಳು. ಗಂಡ ಪಾತ್ರೆ ತೊಳೀತಿದಾನೆ. ನಾನು ಬಾಲ್ಕನೀಲಿ ಕೂತು ಇದನ್ನ ಬರೀತಿದೀನಿ, ಉದ್ದ ಆದರೆ ಸಹಿಸಿಕೊಳ್ಳಿ.

ಟಿವಿಗೆ ಬಂದು ಹನ್ನೊಂದು ವರ್ಷ ಆಯ್ತು. ಅದರಲ್ಲಿ ಏಳು ವರ್ಷ ಪೊಲಿಟಿಕಲ್ ಬೀಟು, ಅಂದರೆ ವಿಧಾನಸೌಧದ ರಾಜಕೀಯ ವರದಿ ನನ್ನ ಪಾಲಿಗೆ. 2018ರ ಮೇ ನೆನಪಿದೆಯಲ್ಲ? 15ಕ್ಕೆ ಎಣಿಕೆ, 16ರ ರಾತ್ರಿ ಸುಪ್ರೀಂ ಕೋರ್ಟಲ್ಲಿ ಬೆಳಗಿನ ಜಾವದ ತನಕ ವಿಚಾರಣೆ, 17ಕ್ಕೆ ಯಡಿಯೂರಪ್ಪ ಪ್ರಮಾಣವಚನ, 19ಕ್ಕೆ ರಾಜೀನಾಮೆ. ಅಷ್ಟೂ ದಿನ ನಾನು ಮನೆಗೆ ಹೋಗ್ತಿದ್ದದ್ದು ಬಟ್ಟೆ ಬದಲಾಯಿಸೋಕೆ ಮಾತ್ರ. 2019ರ ಜುಲೈನಲ್ಲಿ ವಿಶ್ವಾಸಮತದ ಚರ್ಚೆ ಇವತ್ತು ಮುಗಿಯುತ್ತೆ ನಾಳೆ ಮುಗಿಯುತ್ತೆ ಅಂತ ಎಳೆದಾಡಿ, 22ರಂದು ಸದನ ನಡುರಾತ್ರಿ ಹತ್ತಿರದ ತನಕ ನಡೆದು, 23ರ ಸಂಜೆ 99–105ಕ್ಕೆ ಸರ್ಕಾರ ಬಿತ್ತು. ಪತ್ರಕರ್ತರ ಗ್ಯಾಲರಿಯಿಂದ ಓಡಿ ಬಂದು ಮೆಟ್ಟಿಲ ಮೇಲೆ ಮೊದಲು ಲೈವ್ ಚಾಟ್ (ಆ್ಯಂಕರ್ ಜೊತೆ ನೇರ ಮಾತು) ಕೊಟ್ಟೋರಲ್ಲಿ ನಾನೂ ಒಬ್ಬಳು. ಕಾಲಲ್ಲಿ ಚಪ್ಪಲಿ ಒಂದೇ ಇತ್ತು. ನನ್ನ ಜೀವನದ ಅತ್ಯಂತ ಸಂತೋಷದ ದಿನಗಳಲ್ಲಿ ಅದೂ ಒಂದು ಅಂತ ಹೇಳಿಕೊಳ್ಳೋಕೆ ಈಗ ಸ್ವಲ್ಪ ನಾಚಿಕೆ ಆಗುತ್ತೆ, ಆದರೆ ನಿಜ.

2022ರಲ್ಲಿ ಮಗಳು ಹುಟ್ಟಿದಳು. ರಜೆ ಪೂರ್ತಿ ಕೊಟ್ಟರು, ಸುಳ್ಳು ಹೇಳಲ್ಲ. ವಾಪಸ್ ಬಂದ ದಿನ ನಮ್ಮ ಮುಖ್ಯಸ್ಥರು ಕಾಫಿ ತರಿಸಿ, "ನಿನ್ನ ಒಳ್ಳೇದಕ್ಕೇ ಹೇಳ್ತೀನಿ, ಸದ್ಯಕ್ಕೆ ಹೆಲ್ತ್ ನೋಡ್ಕೋ" ಅಂದರು. ಆ 'ಸದ್ಯಕ್ಕೆ'ಗೆ ಈಗ ಮೂರು ವರ್ಷ ತುಂಬಿದೆ.

2023ರ ಮೇ 13. ಇಡೀ ಆಫೀಸು ಎಣಿಕೆ ಕೇಂದ್ರಗಳಲ್ಲಿ. ನಾನು ಒಂದು ಗಾಜಿನ ಗೂಡಲ್ಲಿ ಕೂತು 'ಮಗುವಿಗೆ ರಾಗಿ ಸರಿ ಮಾಡೋದು ಹೇಗೆ' ಅನ್ನೋದಕ್ಕೆ ವಾಯ್ಸ್ ಓವರ್ ಕೊಡ್ತಿದ್ದೆ. ಗಾಜಿನ ಆಚೆ ಪರದೆ ಮೇಲೆ ಕಾಂಗ್ರೆಸ್ಸಿನ ಅಂಕಿ ನೂರು ದಾಟಿ ಏರ್ತಾ ಇದೆ, ಈಚೆ ನಾನು "ಸಣ್ಣ ಉರಿಯಲ್ಲಿ ಗಂಟಾಗದಂತೆ ತಿರುವಿ" ಅಂತಿದೀನಿ. ನಾಲ್ಕು ಟೇಕ್ ಆಯ್ತು. ಒಂದ್ರಲ್ಲೂ 'ಗಂಟಾಗದಂತೆ' ಸರಿಯಾಗಿ ಬರಲಿಲ್ಲ, ಗಂಟಲೇ ಕಟ್ತಿತ್ತು.

ಈಗ ಪೊಲಿಟಿಕಲ್ ಬ್ಯೂರೋದಲ್ಲಿ ಒಬ್ಬರು ಬಿಟ್ಟಿದ್ದಾರೆ. ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನ. ಕೇಳಿದರೆ ಕೊಡಬಹುದು ಅನಿಸ್ತಿದೆ. ಗಂಡ ಬ್ಯಾಂಕಲ್ಲಿ. ಅತ್ತೆ ತಿಪಟೂರಲ್ಲಿ, ತೋಟ ಬಿಟ್ಟು ಬರಲ್ಲ. ಅಮ್ಮನಿಗೆ ಮಂಡಿ ನೋವು. ಡೇಕೇರ್ ಸಂಜೆ 7ಕ್ಕೆ ಬಾಗಿಲು ಹಾಕುತ್ತೆ, ಆಮೇಲೆ ಪ್ರತಿ ಕಾಲು ಗಂಟೆಗೆ ದಂಡ. ರಾಜಕೀಯದ ಸುದ್ದಿ ಶುರುವಾಗೋದೇ 7ಕ್ಕೆ.

ಕೇಳಲಾ? ಇದೇ ಕೆಲಸದಲ್ಲಿ ಇದ್ದು ಮಕ್ಕಳನ್ನ ಬೆಳೆಸಿದೋರು ಹೇಳಿ. "ಎಲ್ಲಾ ಸರಿ ಹೋಗುತ್ತೆ" ಅನ್ನೋ ಉತ್ತರ ಬೇಡ, ಅದನ್ನ ಹೇಳೋಕೆ ಮನೇಲಿ ನಾಲ್ಕು ಜನ ಇದಾರೆ.

ಬಾಳೆಎಲೆ · ಸೋಮವಾರ ಬೆಳಿಗ್ಗೆ 6:20

ಕೇಳಿ. ಇಲ್ಲ ಅಂದರೆ ಈಗಿರೋದೇ ಇರುತ್ತೆ, ಹೋಗೋದೇನು?

ರಾತ್ರಿಪಾಳಿ · ಸೋಮವಾರ ಬೆಳಿಗ್ಗೆ 10:45

ಪತ್ರಿಕೆ ಡೆಸ್ಕಿನವನು ನಾನು. ರಾಜಕೀಯ ಪುಟ ನನ್ನದು. ಜಿಲ್ಲಾ ಆವೃತ್ತಿಗಳು ಮೊದಲು ಹೋಗ್ತವೆ, ನಗರದ್ದು ಮುಗಿಸಿ ಮುದ್ರಣದ ಪ್ಲೇಟಿಗೆ ಕಳಿಸುವಾಗ ಹನ್ನೆರಡೂವರೆ. ಮನೆ ತಲುಪೋದು ಒಂದೂವರೆ. ಮಗ ಮಲಗಿರ್ತಾನೆ. ನಾನು ಏಳೋ ಹೊತ್ತಿಗೆ ಅವನು ಸ್ಕೂಲಲ್ಲಿ. ವಾರದಲ್ಲಿ ಆರು ದಿನ ನಾನು ನನ್ನ ಮಗನನ್ನ ನೋಡೋದು ಅವನ ಕಣ್ಣು ಮುಚ್ಚಿದಾಗ. ಅವನು ಬೆಳೆದದ್ದನ್ನ ಪಾದ ಹಿಡಿದು ಅಳೀತೀನಿ. ಹೋದ ವರ್ಷ ನನ್ನ ಅಂಗೈಯಷ್ಟಿತ್ತು, ಈಗ ಮಣಿಕಟ್ಟು ದಾಟುತ್ತೆ.

ಒಂದು ಉಪಾಯ ಮಾಡಿಕೊಂಡಿದ್ದೀವಿ. ಟಿವಿ ಸ್ಟ್ಯಾಂಡ್ ಮೇಲೆ ನೂರು ಪುಟದ ಒಂದು ನೋಟ್‌ಬುಕ್. ಅವನು ಮಲಗೋ ಮೊದಲು ಅದರಲ್ಲಿ ಏನಾದರೂ ಕೇಳಿ ಬರೀತಾನೆ, ನಾನು ಬಂದು ಉತ್ತರ ಬರೆದಿಡ್ತೀನಿ. ಒಂದು ಸಲ "ಪಪ್ಪಾ ಬಹುಮತ ಅಂದ್ರೆ ಏನು? ನಮ್ಮನೇಲಿ ಯಾರಿಗಿದೆ?" ಅಂತ ಕೇಳಿದ್ದ. "ಅಮ್ಮನಿಗೆ. ಇರೋದು ಒಂದೇ ಸೀಟು, ಆದ್ರೂ ಅವಳದೇ ಸರ್ಕಾರ" ಅಂತ ಬರೆದೆ. ಈಗ ಮೂರನೇ ನೋಟ್‌ಬುಕ್ ನಡೀತಿದೆ.

ಇಷ್ಟು ವರ್ಷದಲ್ಲಿ ಒಬ್ಬನೇ ಒಬ್ಬ ಸಂಪಾದಕ ನನ್ನನ್ನ ಕರೆದು ಕಾಫಿ ತರಿಸಿ "ನಿನಗೆ ಮಗ ಇದಾನೆ, ಸದ್ಯಕ್ಕೆ ಹಗಲು ಪಾಳಿ ಮಾಡು" ಅನ್ನಲಿಲ್ಲ ಮೇಡಂ. ನಿಮಗೆ ಬೇಡದ್ದನ್ನ ಕೊಟ್ಟರು, ನನಗೆ ಬೇಕಾದ್ದನ್ನ ಕೊಡಲಿಲ್ಲ. ಮೂರು ಸಲ ನಾನಾಗೇ ಕೇಳಿದೆ. "ಯಾಕೆ, ಮನೇಲಿ ಹೆಂಡ್ತಿ ಇಲ್ವಾ?" ಅಂದ್ರು.

ಸರ್ಕಾರಿಶಾಲೆಟೀಚರ್ · ಸೋಮವಾರ ಮಧ್ಯಾಹ್ನ 1:10

ಊಟದ ಬಿಡುವಿನಲ್ಲಿ ಬರೀತಿದೀನಿ.

ರಾತ್ರಿಪಾಳಿ ಸರ್, ನೋಟ್‌ಬುಕ್ ಚೆನ್ನಾಗಿದೆ, ಓದಿ ಖುಷಿ ಆಯ್ತು. ಆ ನೋಟ್‌ಬುಕ್ ಸಂಜೆ ಅವನ ಕೈಗೆ ಕೊಟ್ಟು, ಪೆನ್ಸಿಲ್ ಚೂಪು ಮಾಡಿಕೊಟ್ಟು, ಬರೆದಾದ ಮೇಲೆ ಹಲ್ಲುಜ್ಜಿಸಿ ಮಲಗಿಸ್ತಾರಲ್ಲ, ಅವರೂ ಇಲ್ಲಿ ಬಂದು ಒಂದು ಕಾಮೆಂಟ್ ಹಾಕಲಿ ಅಂತ ನನ್ನ ಆಸೆ.

ನನ್ನ ಯಜಮಾನರು ಪೊಲಿಟಿಕಲ್ ರಿಪೋರ್ಟರ್. ಹದಿನಾಲ್ಕು ವರ್ಷ. ಎಲ್ಲರೂ ಅವರನ್ನ "ಎರಡೂ ಹೇಗೆ ನಿಭಾಯಿಸ್ತೀರಿ ಸರ್" ಅಂತ ಕೇಳ್ತಾರೆ. ಅವರು ನಗ್ತಾರೆ. ಆ ನಗುವಿನ ಹಿಂದೆ ಇರೋ ವ್ಯವಸ್ಥೆ ನಾನು.

ನನ್ನ ಮೇಜಿನ ಮೇಲೆ ಶಾಲೆಯ ಕ್ಯಾಲೆಂಡರ್ ಇರುತ್ತೆ, ಅವರ ಫೋನಲ್ಲಿ ವಿಧಾನಮಂಡಲದ್ದು. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದೋರಿಗೇ ಗೊತ್ತು. ಡಿಸೆಂಬರ್ ಅಂದರೆ ಮಕ್ಕಳ ವಾರ್ಷಿಕೋತ್ಸವ, ಅವರಿಗೆ ಬೆಳಗಾವಿ. ಫೆಬ್ರುವರಿ ಮಾರ್ಚ್ ಪರೀಕ್ಷೆ, ಅವರಿಗೆ ಬಜೆಟ್. ಏಪ್ರಿಲ್ ಮೇ ಬೇಸಿಗೆ ರಜೆ, ಅವರಿಗೆ ಚುನಾವಣೆ. ವಿಧಾನಸಭೆಗೆ 2013ರಲ್ಲಿ ಮೇ 5, 2018ರಲ್ಲಿ ಮೇ 12, 2023ರಲ್ಲಿ ಮೇ 10. ಮಧ್ಯೆ ಲೋಕಸಭೆ, 2014, 2019, 2024, ಎಲ್ಲಾ ಅದೇ ಬಿಸಿಲಲ್ಲಿ. ನನ್ನ ದೊಡ್ಡವಳಿಗೆ ಹನ್ನೆರಡು ವರ್ಷ. ಚುನಾವಣೆ ಇದ್ದ ಯಾವ ಬೇಸಿಗೆಯಲ್ಲೂ ಅಪ್ಪನ ಜೊತೆ ಎಲ್ಲೂ ಹೋಗಿಲ್ಲ.

ಇನ್ನೊಂದು ತಮಾಷೆ. ಚುನಾವಣೆ ಬಂದರೆ ನನಗೂ ಡ್ಯೂಟಿ. 2023ರ ಮೇ 9ರ ಬೆಳಿಗ್ಗೆ ಮಸ್ಟರಿಂಗ್‌ಗೆ ಹೋಗಿ, ಮತಯಂತ್ರ ಪಡೆದು, ರಾತ್ರಿ ಬೂತಲ್ಲೇ ಬೆಂಚು ಜೋಡಿಸಿ ಮಲಗಿ, ಮಾರನೇ ದಿನ ಮತದಾನ ಮುಗಿಸಿ, ಡಿಮಸ್ಟರಿಂಗ್‌ನಲ್ಲಿ ಪೆಟ್ಟಿಗೆ ಒಪ್ಪಿಸಿ ಮನೆಗೆ ಬಂದಾಗ ರಾತ್ರಿ ಹನ್ನೊಂದೂವರೆ. ಅವರು ಹಾಸನದ ಕಡೆ ರೌಂಡ್ಸ್‌ನಲ್ಲಿದ್ರು. ಮಕ್ಕಳಿಬ್ಬರೂ ಅರಸೀಕೆರೆ ಅಜ್ಜಿ ಮನೆಯಲ್ಲಿ. ಪ್ರಜಾಪ್ರಭುತ್ವ ಉಳಿಸೋಕೆ ಇಡೀ ಸಂಸಾರ ಮೂರು ಕಡೆಗೆ ಹಂಚಿಹೋಗಿತ್ತು.

ಆದರೂ ನಾನು ಸರ್ಕಾರಿ ನೌಕರಳು. ಹೆಣ್ಣುಮಕ್ಕಳಿಗೆ ಆರು ತಿಂಗಳ ಶಿಶುಪಾಲನಾ ರಜೆ ಅಂತ ಇದೆ, ಮಗು ಹುಷಾರಿಲ್ಲದಾಗ ಬಳಸಿಕೊಂಡಿದೀನಿ. ಮೂರನೇಮಹಡಿ, ನಿಮಗೆ ಅದೂ ಇಲ್ಲ. ನೀವು ವಾಪಸ್ ಹೋಗೋದಾದರೆ ಮೊದಲು ಕೇಳಬೇಕಾದ್ದು ಮುಖ್ಯಸ್ಥರನ್ನಲ್ಲ, ಪಾತ್ರೆ ತೊಳೀತಿದಾರಲ್ಲ, ಅವರನ್ನ. ಡಿಸೆಂಬರ್‌ನಲ್ಲಿ ಎರಡು ವಾರ ಜಡೆ ಹಾಕೋಕೆ ಬರುತ್ತಾ ಅಂತ.

ಮೂರನೇಮಹಡಿ · ಸೋಮವಾರ ಮಧ್ಯಾಹ್ನ 1:34

@ಸರ್ಕಾರಿಶಾಲೆಟೀಚರ್ ಮೇಡಂ, ಜಡೆ ಬರಲ್ಲ. ಹೇರ್‌ಬ್ಯಾಂಡ್ ಬರುತ್ತೆ. ಕಲಿಸ್ತೀನಿ.

ಇನ್‌ಪುಟ್‌ನವ · ಸೋಮವಾರ ಸಂಜೆ 5:05

ಬೈಸ್ಕೊಳ್ಳೋಕೆ ತಯಾರಾಗೇ ಬರೀತಿದೀನಿ. ನಾನು ಕಾಫಿ ತರಿಸೋ ಕುರ್ಚಿಯಲ್ಲಿ ಕೂತೋನು. ಬೇರೆ ಚಾನೆಲ್.

ಆಚೆ ಕಡೆಯಿಂದಲೂ ಸ್ವಲ್ಪ ನೋಡಿ. ಹತ್ತು ವರ್ಷದ ಹಿಂದೆ ಬ್ಯೂರೋದಲ್ಲಿ ಒಂಬತ್ತು ಜನ ಇದ್ರು, ಈಗ ನಾಲ್ಕು. ಆ ನಾಲ್ವರೇ ಯೂಟ್ಯೂಬಿಗೂ ವೆಬ್‌ಗೂ ಕೊಡಬೇಕು. ರಾಜಕೀಯ ಬೀಟ್ ಅಂದರೆ ಗಂಟೆ ಲೆಕ್ಕ ಅಲ್ಲ, ಫೋನ್ ಎತ್ತೋ ಲೆಕ್ಕ. 2024ರ ಡಿಸೆಂಬರ್ 10, ಬೆಳಗಿನ ಜಾವ ಎಸ್.ಎಂ. ಕೃಷ್ಣ ತೀರಿಕೊಂಡ್ರು. ನಮ್ಮ ಅರ್ಧ ತಂಡ ಬೆಳಗಾವಿಯಲ್ಲಿ. ಬೆಳಗಾಗೋ ಮೊದಲೇ ಸದಾಶಿವನಗರದ ಮನೆ ಮುಂದೆ ಕ್ಯಾಮೆರಾ ನಿಲ್ಲಬೇಕು. ಅಂಥ ಹೊತ್ತಲ್ಲಿ ಫೋನ್ ಮಾಡಿದ್ರೆ "ಮಗೂಗೆ ಜ್ವರ ಸರ್" ಅಂದ್ರೆ ನಾನು ಏನು ಮಾಡ್ಲಿ? ಮೇಲಿನೋರು ಕೇಳೋದು "ಪಕ್ಕದ ಚಾನೆಲ್‌ನಲ್ಲಿ ಬಂತು, ನಮ್ಮಲ್ಲಿ ಯಾಕಿಲ್ಲ" ಅಂತ ಮಾತ್ರ. ಕೆಟ್ಟವನಾಗಿ ಹೇಳ್ತಿಲ್ಲ. ಎಷ್ಟೋ ಸಲ ಹೆಣ್ಣುಮಕ್ಕಳಿಗೆ ತೊಂದರೆ ಆಗದಿರಲಿ ಅಂತಲೇ ಬೀಟ್ ಬದಲಾಯಿಸಿರ್ತೀವಿ.

ಬಾಳೆಎಲೆ · ಸೋಮವಾರ ಸಂಜೆ 5:11

ಅವತ್ತು ಫೋನ್ ಎತ್ತಿದ್ದು ಯಾರು ಸರ್?

ಇನ್‌ಪುಟ್‌ನವ · ಸೋಮವಾರ ಸಂಜೆ 5:48

ಅರ್ಧ ಗಂಟೆ ಯೋಚನೆ ಮಾಡಿ ಬರೀತಿದೀನಿ.

ನಮ್ಮ ಒಬ್ಬ ಹುಡುಗ. ಮೊದಲನೇ ರಿಂಗಿಗೇ ಎತ್ತಿದ, ಮುಕ್ಕಾಲು ಗಂಟೆಯಲ್ಲಿ ಅಲ್ಲಿದ್ದ. ಅಲ್ಲಿಂದ ಸೋಮನಹಳ್ಳಿ ಅಂತ್ಯಕ್ರಿಯೆ ತನಕ ಅವನೇ ಮಾಡಿದ. ಆಗ ಅವನಿಗೆ ಎರಡು ತಿಂಗಳ ಮಗು ಇತ್ತು. ನಾಮಕರಣಕ್ಕೆ ನಾನೇ ಹೋಗಿ ಬಂದಿದ್ದೆ. ಫೋನ್ ಮಾಡುವಾಗ ಅದು ನನ್ನ ತಲೇಲೇ ಇರಲಿಲ್ಲ. ಮೊದಲ ರಿಂಗಿಗೆ ಹೇಗೆ ಎತ್ತಿದ ಅಂತ ಈಗ ಹೊಳೀತಿದೆ, ಎಚ್ಚರ ಇದ್ದ.

ಮೂರನೇಮಹಡಿ · ಸೋಮವಾರ ರಾತ್ರಿ 9:30

@ಇನ್‌ಪುಟ್‌ನವ ಸರ್, ನೀವು ಇದನ್ನ ಇಲ್ಲಿ ಬರೆದದ್ದಕ್ಕೆ ಬೈಯಲ್ಲ. ಆದರೆ ನನ್ನ ಮಗು ಎಲ್ಲರ ತಲೇಲೂ ಇದೆ, ಆ ಹುಡುಗನ ಮಗು ಯಾರ ತಲೇಲೂ ಇಲ್ಲ. ನನಗೆ ಮೂರು ವರ್ಷದಿಂದ ಹೊಟ್ಟೇಲಿ ಉರೀತಿದ್ದದ್ದಕ್ಕೆ ಇವತ್ತು ಹೆಸರು ಸಿಕ್ಕಿತು. "ತೊಂದರೆ ಆಗದಿರಲಿ ಅಂತ" ಅಂದ್ರಲ್ಲ, ಕೇಳಿದ್ರಾ ಸರ್ ಯಾರನ್ನಾದರೂ, ತೊಂದರೆ ಆಗುತ್ತಾ ಅಂತ? ಹೆಲ್ತ್ ಶೋ ಇರೋದು ಸಂಜೆ 6ರಿಂದ. ಡೇಕೇರ್ ದಂಡ ಈಗಲೂ ಕಟ್ತಾನೇ ಇದೀನಿ!

ಹಳೇಪ್ಲೇಟು · ಸೋಮವಾರ ರಾತ್ರಿ 10:15

ನೋಡಮ್ಮ, ನಾನು ನಿವೃತ್ತಳು. 1980ರ ದಶಕದ ಕೊನೆಯಲ್ಲಿ ಪತ್ರಿಕೆ ಸೇರಿದಾಗ ರಾತ್ರಿಪಾಳಿಗೆ ಹೆಂಗಸರನ್ನ ಹಾಕ್ತಿರಲಿಲ್ಲ. ಅದೇ ಕಾರಣಕ್ಕೆ ಮುಖಪುಟಕ್ಕೂ ಹಾಕ್ತಿರಲಿಲ್ಲ. ಬಸುರಿ ಅಂತ ಐದು ತಿಂಗಳ ತನಕ ಹೇಳಲಿಲ್ಲ ನಾನು, ಸೆರಗು ಹೊದ್ದು ಓಡಾಡಿದೆ. ಹೇಳಿದ ಮರುದಿನವೇ ಮಹಿಳಾ ಪುರವಣಿ. ಇಪ್ಪತ್ತೆರಡು ವರ್ಷ ಅಲ್ಲೇ ಇದ್ದೆ.

ಅದಕ್ಕೇ ಎಲ್ಲರೂ ನಾನು "ಹೋರಾಡು" ಅಂತೀನಿ ಅಂದುಕೊಳ್ತಾರೆ. ಅನ್ನಲ್ಲ. ಪುರವಣಿಯಲ್ಲಿ ಕೂತೇ ನಾನು ವರದಕ್ಷಿಣೆ ಸಾವುಗಳ ಬಗ್ಗೆ, ಪಂಚಾಯಿತಿ ಮೀಸಲಾತಿಯಲ್ಲಿ ಗೆದ್ದ ಹೆಣ್ಣುಮಕ್ಕಳ ಬಗ್ಗೆ ಬರೆದೆ. 1987ರ ಜಿಲ್ಲಾ ಪರಿಷತ್ ಚುನಾವಣೆಯಲ್ಲಿ ಗೆದ್ದ ಹೆಂಗಸರನ್ನ ಹಳ್ಳಿ ಹಳ್ಳಿಗೆ ಹೋಗಿ ಮಾತಾಡಿಸಿದೆ. ಅದು ರಾಜಕೀಯ ಅಲ್ಲವಾ? ವಿಧಾನಸೌಧದ ಮೂರನೇ ಮಹಡಿಯ ಕಾರಿಡಾರಿನಲ್ಲಿ ಯಾರು ಯಾರ ಕಿವಿ ಕಚ್ಚಿದರು ಅನ್ನೋದು ಮಾತ್ರ ರಾಜಕೀಯವಾ? ಆ ಬೀಟ್ ದೊಡ್ಡದು ಅಂತ ಗಂಡಸರು ತೀರ್ಮಾನ ಮಾಡಿದರು, ನಾವೂ ನಂಬಿದೆವು.

ಆದರೆ ಒಂದು ಮಾತು. ನನಗೆ ಪುರವಣಿ ಇಷ್ಟ ಆಯ್ತು ಸರಿ, ಆಯ್ಕೆ ಮಾಡಿಕೊಂಡದ್ದು ನಾನಲ್ಲ. ಅದು ಈಗಲೂ ಚುಚ್ಚುತ್ತೆ. ನಿನಗೆ ಗ್ಯಾಲರಿಯೇ ಬೇಕು ಅಂದರೆ ಕೇಳು. ದೊಡ್ಡದು ಅನ್ನೋ ಕಾರಣಕ್ಕೆ ಬೇಡ, ಇಷ್ಟ ಅಂತ ಕೇಳು.

ಕಡಲಕರೆ · ಸೋಮವಾರ ರಾತ್ರಿ 11:02

ಮಂಗಳೂರಿಂದ. ನಾನು ಚಾನೆಲ್ ಬಿಟ್ಟು ಸ್ವಂತ ಯೂಟ್ಯೂಬ್ ಮಾಡ್ತಾ ಇದ್ದೇನೆ. "ಸ್ವಂತದ್ದು, ಮನೆಯಲ್ಲೇ, ಮಗುವಿನ ಜೊತೆ ಇರಬಹುದು" ಅಂತ ಹೇಳುವವರು ತುಂಬಾ ಜನ ಸಿಗ್ತಾರೆ, ನಂಬಬೇಡಿ ಮಾರಾಯ್ರೆ. ಮಗುವಿನ ಜೊತೆ ಇರ್ತೇನೆ ನಿಜ, ಮಗುವಿನ ಕಡೆ ನೋಡುದಿಲ್ಲ. ಮೊನ್ನೆ ಮಗ ಅಜ್ಜಿ ಹತ್ತಿರ "ಅಮ್ಮ ಮನೆಯಲ್ಲಿಲ್ಲ, ಫೋನಲ್ಲಿದ್ದಾಳೆ" ಅಂತ ಹೇಳ್ತಾ ಇದ್ದ.

ಎರಡು ಸಂಗತಿ ಯಾರೂ ಹೇಳಲಿಲ್ಲ, ಅದಕ್ಕೆ ಹೇಳ್ತೇನೆ.

ಒಂದು ಹಾಲಿನದ್ದು. 2019ರ ಲೋಕಸಭೆ ಚುನಾವಣೆ ಹೊತ್ತಿಗೆ ಮಗನಿಗೆ ಏಳು ತಿಂಗಳು. ದೊಡ್ಡ ನಾಯಕರೊಬ್ಬರ ರ‍್ಯಾಲಿ. ಪ್ರೆಸ್‌ನವರು ನಾಲ್ಕು ಗಂಟೆ ಮೊದಲೇ ಒಳಗೆ ಹೋಗಿ ಕೂರಬೇಕು, ಮಧ್ಯೆ ಹೊರಗೆ ಬಂದರೆ ಮತ್ತೆ ಬಿಡುದಿಲ್ಲ. ಗೇಟಲ್ಲಿ ಬ್ಯಾಗ್ ತಪಾಸಣೆ. ಬ್ರೆಸ್ಟ್ ಪಂಪ್ ಹೊರಗೆ ತೆಗೆದು "ಇದೆಂಥ ಮೆಷಿನ್?" ಅಂತ ಕೇಳಿದರು. ಅಲ್ಲಿದ್ದದ್ದೆಲ್ಲ ಗಂಡಸರು. ನಾನು ಬಾಯಲ್ಲಿ ಹೇಳಿದೆ, ಅರ್ಥ ಆಗಲಿಲ್ಲ. ಕೊನೆಗೆ ಸ್ವಿಚ್ ಹಾಕಿ ತೋರಿಸಿದೆ. ಅದು ಗುಂಯ್ ಅಂತ ಶಬ್ದ ಮಾಡಿದ್ದೇ ಮೂರು ಜನ ಹಿಂದೆ ಹಾರಿದರು. ಮಹಿಳಾ ಕಾನ್‌ಸ್ಟೇಬಲ್ ಒಬ್ಬರು ಓಡಿ ಬಂದು, ನೋಡಿ, ಏನೂ ಮಾತಾಡದೆ ಅದನ್ನ ಬ್ಯಾಗಿಗೆ ಹಾಕಿ ಜಿಪ್ ಎಳೆದರು. ಆಮೇಲೆ ವೇದಿಕೆ ಹಿಂದೆ ಜನರೇಟರ್ ಹತ್ತಿರ ತನ್ನ ಜಾಕೆಟ್ ಅಡ್ಡ ಹಿಡಿದು ನಿಂತರು. ಅವರಿಗೂ ಎಂಟು ತಿಂಗಳದ್ದು ಮನೆಯಲ್ಲಿತ್ತಂತೆ. ಆ ದಿನದ ಭಾಷಣದಲ್ಲಿ ಏನಿತ್ತು ಅಂತ ಈಗ ನೆನಪಿಲ್ಲ.

ಇನ್ನೊಂದು ಭಯದ್ದು. ಒಂದು ವಿಡಿಯೊ ಹಾಕಿದ ಮೇಲೆ ಯಾರೋ ನನ್ನ ಮಗನ ಫೋಟೋ ನನಗೇ ಕಳಿಸಿದರು, ಶಾಲೆ ಯೂನಿಫಾರ್ಮ್‌ನಲ್ಲಿ ಇದ್ದದ್ದು. ಬೇರೆ ಒಂದು ಶಬ್ದ ಇರಲಿಲ್ಲ, ಫೋಟೋ ಮಾತ್ರ. ನಾನೇ ಹುಟ್ಟುಹಬ್ಬಕ್ಕೆ ಹಾಕಿದ್ದ ಪಟ ಅದು. ದೂರು ಕೊಟ್ಟೆ, ಶಾಲೆಗೆ ಹೇಳಿದೆ, ಕರ್ಕೊಂಡು ಬರುವ ದಾರಿ ಬದಲಾಯಿಸಿದೆ. 2017ರ ಸೆಪ್ಟೆಂಬರ್ 5ರಂದು ಗೌರಿ ಲಂಕೇಶರನ್ನ ಮನೆ ಬಾಗಿಲಲ್ಲೇ ಕೊಂದದ್ದನ್ನ ನೋಡಿದ ತಲೆಮಾರು ನಾವು, ಇಂಥದ್ದನ್ನ ತಮಾಷೆ ಅಂತ ಬಿಡ್ಲಿಕ್ಕೆ ಆಗುದಿಲ್ಲ. ಪೊಲಿಟಿಕಲ್‌ಗೆ ವಾಪಸ್ ಹೋಗುದಾದರೆ ಇವತ್ತೇ ಕೂತು ಮಗಳ ಎಲ್ಲ ಫೋಟೋ ತೆಗೆಯಿರಿ. ಸ್ಟೇಟಸ್‌ನದ್ದು ಕೂಡ.

ಮೂರನೇಮಹಡಿ · ಸೋಮವಾರ ರಾತ್ರಿ 11:20

ತೆಗೀತಿದೀನಿ. ಕೈ ನಡುಗ್ತಿದೆ.

ವಾಯ್ದೆವಕೀಲ · ಮಂಗಳವಾರ ಬೆಳಿಗ್ಗೆ 8:40

ಕಾನೂನಿನ ಮಾತು ಸ್ವಲ್ಪ, ಬೋರ್ ಆದರೆ ದಾಟಿ ಮುಂದೆ ಹೋಗಿ.

ಹೆರಿಗೆ ಸೌಲಭ್ಯ ಕಾಯ್ದೆ 1961ರದ್ದು, 2025ರ ನವೆಂಬರ್‌ನಿಂದ ಅದರ ನಿಯಮಗಳು ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿವೆ. 2017ರ ತಿದ್ದುಪಡಿಯಲ್ಲಿ ಮೊದಲ ಎರಡು ಮಕ್ಕಳಿಗೆ ರಜೆ 12 ವಾರದಿಂದ 26ಕ್ಕೆ ಏರಿತು. ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಸಾಕು. "ನೀವು ಕಾಂಟ್ರ್ಯಾಕ್ಟ್, ನಿಮಗಿಲ್ಲ" ಅನ್ನೋದು ಸುಳ್ಳು. ದಿನಗೂಲಿ ಹೆಣ್ಣುಮಕ್ಕಳಿಗೂ ಇದು ಸಲ್ಲುತ್ತೆ ಅಂತ ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. 50 ಅಥವಾ ಹೆಚ್ಚು ಜನ ಇರೋ ಸಂಸ್ಥೆ ಶಿಶುಪಾಲನಾ ಕೇಂದ್ರ ಒದಗಿಸಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ನೋಡಿಬರಬಹುದು. ನಿಮ್ಮ ಚಾನೆಲ್‌ನಲ್ಲಿ ಐವತ್ತು ಜನ ಇಲ್ಲವಾ? ಕೇಂದ್ರ ಇದೆಯಾ?

ರಜೆಯ ಕಾರಣಕ್ಕೆ ಸೇವಾ ಷರತ್ತುಗಳನ್ನ ಆಕೆಗೆ ನಷ್ಟ ಆಗೋ ಹಾಗೆ ಬದಲಾಯಿಸಬಾರದು ಅಂತಲೂ ಅದೇ ಕಾಯ್ದೆಯಲ್ಲಿದೆ. ಬೀಟ್ ಬದಲಾವಣೆ ಇದರಡಿ ಬರುತ್ತಾ? ಪ್ರಾಮಾಣಿಕವಾಗಿ ಹೇಳ್ತೀನಿ, ಸಾಬೀತು ಮಾಡೋದು ಕಷ್ಟ. ಸಂಬಳ ಅಷ್ಟೇ, ಹುದ್ದೆ ಅಷ್ಟೇ ಅಂತಾರೆ. ಮೆಟ್ಟಿಲ ಮೇಲೆ ಮೊದಲು ಚಾಟ್ ಕೊಡೋ ಸಂತೋಷಕ್ಕೆ ಕಾಯ್ದೆಯಲ್ಲಿ ಕಲಂ ಇಲ್ಲ.

ಗಂಟೆಗಳ ವಿಷಯ: 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆಯಲ್ಲಿ ನಾಲ್ಕು ವಾರಕ್ಕೆ 144 ಗಂಟೆ ಅಂತ ಮಿತಿ ಹಾಕಿದ್ದರು. ಅದು ಪತ್ರಿಕೆಗಳಿಗೆ. ಆ ಕಾಲದಲ್ಲಿ ಟಿವಿ ಎಲ್ಲಿತ್ತು? 2020ರಲ್ಲಿ ಸಂಸತ್ತು ಒಪ್ಪಿದ ಕಾರ್ಮಿಕ ಸಂಹಿತೆಯಲ್ಲಿ ಟಿವಿ, ಡಿಜಿಟಲ್‌ನವರನ್ನೂ ಪತ್ರಕರ್ತರು ಅನ್ನೋ ವ್ಯಾಖ್ಯೆಯೊಳಗೆ ತಂದಿದ್ದಾರೆ. ಅಪ್ಪಂದಿರಿಗೆ? ಕೇಂದ್ರ ಸರ್ಕಾರಿ ನೌಕರನಿಗೆ 15 ದಿನ ಇದೆ. ಖಾಸಗಿಯಲ್ಲಿ ಸಂಸ್ಥೆ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ಬಾಳೆಎಲೆ · ಮಂಗಳವಾರ ಬೆಳಿಗ್ಗೆ 8:52

ಉದ್ಯೋಗ ಖಾತ್ರಿಗೆ ಹೋಗೋ ಹೆಣ್ಣುಮಕ್ಕಳ ಮಕ್ಕಳಿಗೆ ನಮ್ಮ ಪಂಚಾಯ್ತಿಲಿ ಕೂಸಿನ ಮನೆ ಇದೆ. ತೊಟ್ಟಿಲು, ಆಟದ ಸಾಮಾನು, ನೋಡಿಕೊಳ್ಳೋಕೆ ಆಯಾ. ಅದನ್ನ ಉದ್ಘಾಟನೆ ಮಾಡಿದ ಸುದ್ದಿ ಟಿವಿಲಿ ಬಂತು. ಸುದ್ದಿ ಓದಿದ ಹುಡುಗಿ ಮಗು ಎಲ್ಲಿತ್ತೋ.

ನಾಗಪುರದಕಿತ್ತಳೆ · ಮಂಗಳವಾರ ಮಧ್ಯಾಹ್ನ 12:30

2022ರ ಡಿಸೆಂಬರ್‌ನಲ್ಲಿ ಮಹಾರಾಷ್ಟ್ರ ವಿಧಾನಮಂಡಲದ ನಾಗಪುರ ಅಧಿವೇಶನಕ್ಕೆ ಶಾಸಕಿ ಸರೋಜ್ ಅಹಿರೆ ಎರಡೂವರೆ ತಿಂಗಳ ಮಗು ಎತ್ತಿಕೊಂಡು ಬಂದಿದ್ದರು. ಎಲ್ಲ ಕ್ಯಾಮೆರಾ ಅವರ ಮೇಲೇ. ಕೋಣೆ ಕೊಟ್ಟರು, ಹೊಗಳಿದರು. ಎರಡು ತಿಂಗಳ ನಂತರ ಮುಂಬೈ ಬಜೆಟ್ ಅಧಿವೇಶನದಲ್ಲಿ ಹಿರಕಣಿ ಕಕ್ಷೆಯಲ್ಲಿ (ತಾಯಿ-ಮಗುವಿಗೆ ಅಂತ ಕೊಟ್ಟ ಕೋಣೆ) ಧೂಳು ತುಂಬಿದೆ ಅಂತ ಅವರೇ ದೂರಿದರು. ಶಾಸಕಿಗೇ ಹೀಗೆ. ಅವತ್ತು ಆ ಫೋಟೋ ತೆಗೆದೋರಲ್ಲಿ ನನ್ನ ಗೆಳತಿಯೊಬ್ಬಳಿದ್ದಳು, ಅವಳ ಮಗು ಲಾಡ್ಜಿನಲ್ಲಿ ಅವಳ ತಮ್ಮನ ಹತ್ತಿರ ಇತ್ತು.

ಸ್ಟ್ರಿಂಗರನಮಗಳು · ಮಂಗಳವಾರ ಸಂಜೆ 7:15

ನಾ ಪತ್ರಕರ್ತಿ ಅಲ್ಲ. ಪುಣೆದಾಗ ಸಾಫ್ಟ್‌ವೇರ್ ಕೆಲಸ. ನಮ್ಮಪ್ಪ ಗದಗ ಜಿಲ್ಲೇದಾಗ ಸ್ಟ್ರಿಂಗರ್ ಇದ್ದ. ಬೀಟು ಗೀಟು ಏನಿಲ್ಲ, ರಾಜಕೀಯನೂ ಅವನ, ಕಬ್ಬಡ್ಡಿನೂ ಅವನ. ಸುದ್ದಿ ಎಷ್ಟು ಉದ್ದ ಅಚ್ಚಾತು ಅಂತ ಸ್ಕೇಲ್ ಹಿಡಿದು ಅಳದು ರೊಕ್ಕ ಕೊಡ್ತಿದ್ರು. ತಿಂಗಳ ಕೊನಿಗೆ ಪೇಪರ್ ಕತ್ತರಿಸಿ ಅಂಟಸೂದು ನನ್ನ ಕೆಲಸ. ಅನ್ನದ ಅಗಳ ಹಚ್ಚಿ ಅಂಟಸ್ತಿದ್ದೆ.

ನಮ್ಮವ್ವ ನಾ ಐದು ವರ್ಷದಕಿ ಇದ್ದಾಗ ತೀರ್ಕೊಂಡ್ಳು. ಅಪ್ಪ ಎಲ್ಲಿ ಹೋದ್ರೂ ನನ್ನ ಸ್ಕೂಟರ್ ಮುಂದ ನಿಂದರಿಸ್ಕೊಂಡು ಹೋಗಾವ. ಮಂತ್ರಿ ಬಂದ್ರಂದ್ರ ಐಬಿ, ಅಂದ್ರ ಪ್ರವಾಸಿ ಮಂದಿರ. ಆ ಐಬಿ ಸೋಫಾದಾಗ ನಾ ಎಷ್ಟು ಮಲಗೀನೋ ಲೆಕ್ಕ ಇಲ್ಲ. ಒಂದ್ಸಲ ಎಚ್ಚರಾಗಿ ನೋಡ್ತೀನಿ, ನನ್ನ ಕಾಲ ಕಡೆ ಒಬ್ಬ ಮಂತ್ರಿ ಕುಂತಾನ, ಅಪ್ಪ ಪ್ರಶ್ನೆ ಕೇಳಾಕತ್ತಾನ, ಮಂತ್ರಿ ಸಿಟ್ಟಾಗ್ಯಾನ, ಆದ್ರ ಹುಡುಗಿ ಎದ್ದೀತಂತ ಇಬ್ರೂ ಪಿಸುಪಿಸು ಜಗಳಾ ಮಾಡಾಕತ್ತಾರ.

ಮೂರನೇಮಹಡಿ ಅಕ್ಕಾರ, ನನಗ ಅಪ್ಪ ಮನ್ಯಾಗ ಇರಲಿಲ್ಲ ಅಂತ ಎಂದೂ ಬ್ಯಾಸರಾಗಿಲ್ಲ. ಒಂದ ಬ್ಯಾಸರ ಐತಿ. ಬರ್ತೀನಿ ಅಂತ ಹೇಳಿ ಬರದ ಇದ್ದ ದಿನಗಳು. ಸಾಲಿ ಗ್ಯಾದರಿಂಗ್‌ದಾಗ ನಾ ಕಿತ್ತೂರು ಚೆನ್ನಮ್ಮ. ಖಡ್ಗ ಹಿಡಕೊಂಡು ಬಾಗಲಾ ನೋಡಕೋತ ನಿಂತೆ, ಡೈಲಾಗ ಮರತೆ. ಬರಾಂಗಿಲ್ಲ ಅಂತ ಮೊದಲ ಹೇಳಿದ್ರ ಡೈಲಾಗ ಹೇಳ್ತಿದ್ದೆ. ನಿಮ್ಮ ಮಗಳಿಗೆ ಅಷ್ಟ ಮಾಡ್ರಿ, ಗೊತ್ತಿಲ್ಲಂದ್ರ ಗೊತ್ತಿಲ್ಲ ಅನ್ರಿ.

ರಾತ್ರಿಪಾಳಿ · ಮಂಗಳವಾರ ರಾತ್ರಿ 8:05

ಪುಟ ಮುಗಿಸೋ ಹೊತ್ತಲ್ಲಿ ಇದನ್ನ ಓದಬಾರದಿತ್ತು.

ಫೋನೋಸಂತ್ರಸ್ತೆ · ಮಂಗಳವಾರ ರಾತ್ರಿ 9:40

ವಾತಾವರಣ ಸ್ವಲ್ಪ ತಿಳಿ ಮಾಡ್ತೀನಿ. 2017ರಲ್ಲಿ ದಕ್ಷಿಣ ಕೊರಿಯಾದ ಅಧ್ಯಕ್ಷೆ ಪದಚ್ಯುತಿ ಬಗ್ಗೆ ರಾಬರ್ಟ್ ಕೆಲ್ಲಿ ಅನ್ನೋ ಪ್ರೊಫೆಸರ್ ಬಿಬಿಸಿಗೆ ಮನೆಯಿಂದ ಲೈವ್ ಕೊಡುವಾಗ ಮಗಳು ಕುಣೀತಾ ಒಳಗೆ ಬಂದಳು, ಹಿಂದೆ ವಾಕರ್‌ನಲ್ಲಿ ಪಾಪು, ಹಿಂದೆ ಹೆಂಡತಿ ಜಾರಿಕೊಂಡು ಬಂದು ಎಳಕೊಂಡು ಹೋದಳು. ಜಗತ್ತೆಲ್ಲ ನಕ್ಕಿತು. ಹೆಂಡತಿಯನ್ನ ಎಷ್ಟೋ ಜನ ಆಯಾ ಅಂದುಕೊಂಡರು, ಅದು ಬೇರೆ ಕಥೆ.

ನಂದು ಲಾಕ್‌ಡೌನ್‌ನಲ್ಲಿ. ಸಂಪುಟ ವಿಸ್ತರಣೆ ಬಗ್ಗೆ ಮನೆಯಿಂದ ಫೋನೋ, ಅಂದರೆ ಫೋನಲ್ಲೇ ಲೈವ್ ವರದಿ. ಬಚ್ಚಲ ಪಕ್ಕ ಮಾತ್ರ ನೆಟ್‌ವರ್ಕ್. "ಅಸಮಾಧಾನಿತ ಶಾಸಕರು ಈಗ ಹೊರಹಾಕುತ್ತಿರುವುದು..." ಅನ್ನೋ ಹೊತ್ತಿಗೆ ಒಳಗಿಂದ ಮಗ ಗಂಟಲು ಹರಿಯೋ ಹಾಗೆ "ಅಮ್ಮಾ, ಕಕ್ಕ ಆಯ್ತೂ!" ಆ್ಯಂಕರ್ ಎರಡು ಸೆಕೆಂಡ್ ಸುಮ್ಮನಿದ್ದು, "ಮಾಹಿತಿಗೆ ಧನ್ಯವಾದ" ಅಂದರು.

ಇನ್‌ಪುಟ್‌ನವ · ಮಂಗಳವಾರ ರಾತ್ರಿ 9:58

ಆ ಕ್ಲಿಪ್ ನಮ್ಮ ಆಫೀಸಿನ ಗ್ರೂಪಲ್ಲಿ ಈಗಲೂ ಓಡಾಡುತ್ತೆ. ನೀವೇನಾ ಅದು!

ಮೂರನೇಮಹಡಿ · ಗುರುವಾರ ರಾತ್ರಿ 10:25

ಎಲ್ಲರ ಮಾತೂ ಎರಡೆರಡು ಸಲ ಓದಿದೆ. ಇವತ್ತು ಕೇಳಿದೆ.

ಈ ಸಲ ಕಾಫಿ ನಾನೇ ತರಿಸಿದೆ. "ಸದ್ಯಕ್ಕೆ ಮುಗೀತು ಸರ್, ವಾಪಸ್ ಬೇಕು" ಅಂದೆ. ಅವರು ನಿರೀಕ್ಷೆ ಮಾಡಿದ ಹಾಗೇ "ಮಗು?" ಅಂದರು. ಬ್ಯೂರೋದಲ್ಲಿ ಉಳಿದ ಮೂವರಿಗೆ ಒಟ್ಟು ಐದು ಮಕ್ಕಳಿದಾರೆ ಅಂತ ಹೆಸರು, ವಯಸ್ಸು ಸಮೇತ ಹೇಳಿದೆ. ಚಿಕ್ಕದಕ್ಕೆ ಹನ್ನೊಂದು ತಿಂಗಳು. ಅವರಿಗೆ ಎರಡರ ಹೆಸರು ಗೊತ್ತಿರಲಿಲ್ಲ. ಅವರಪ್ಪಂದಿರ ಜೊತೆ ನಾನು ಮೊದಲೇ ಮಾತಾಡಿಕೊಂಡಿದ್ದೆ. ರಾತ್ರಿ ಫೋನ್ ಯಾರು ಎತ್ತಬೇಕು ಅನ್ನೋದಕ್ಕೆ ವಾರದ ಪಾಳಿ, ನಾಲ್ಕು ಜನ, ನಾಲ್ಕು ವಾರ. ಪಾಳಿ ಇಲ್ಲದೋರು ಫೋನ್ ಸೈಲೆಂಟಲ್ಲಿಟ್ಟು ಮಲಗಬಹುದು. ಒಬ್ಬ ಮಾತ್ರ ಒಪ್ಪೋಕೆ ಎರಡು ದಿನ ತಗೊಂಡ, "ಸರ್ಕಾರ ಬೀಳೋ ರಾತ್ರಿ ನನ್ನ ಪಾಳಿ ಇಲ್ಲದಿದ್ದರೆ?" ಅಂತ ಅವನ ಚಿಂತೆ. ನನ್ನ ಚಿಂತೆಯೂ ಅದೇ, ಹೇಳಲಿಲ್ಲ.

ಮುಖ್ಯಸ್ಥರು ಪೂರ್ತಿ ಒಪ್ಪಿಲ್ಲ. ಬೆಳಗಾವಿಗೆ ಎರಡನೇ ವಾರ ಮಾತ್ರ ಹೋಗು, ಆಮೇಲೆ ನೋಡೋಣ ಅಂದಿದ್ದಾರೆ. ಶಿಶುಪಾಲನಾ ಕೇಂದ್ರದ ಮಾತು ಎತ್ತಿದಾಗ ಎಚ್‌ಆರ್ ಕಡೆ ಕೈ ತೋರಿಸಿದರು. ಎಚ್‌ಆರ್‌ಗೆ ಮೇಲ್ ಬರೆದಿದೀನಿ, ಟೆಕ್ನಿಕಲ್ ವಿಭಾಗದ ಇಬ್ಬರು ಅಮ್ಮಂದಿರೂ ಒಬ್ಬ ಅಪ್ಪನೂ ಸಹಿ ಹಾಕಿದಾರೆ.

ಮಗಳಿಗೆ ಹೇಳಿದೆ, ಅಮ್ಮ ಏಳು ರಾತ್ರಿ ಇರಲ್ಲ ಅಂತ. ಬೆರಳಲ್ಲಿ ಎಣಿಸಿದಳು. ಐದರ ಮೇಲೆ ಇನ್ನೊಂದು ಕೈ ಬೇಕಾಯ್ತು, ಆಗ ಅಳೋಕೆ ಶುರು ಮಾಡಿದಳು. ಅಪ್ಪ ಜಡೆ ಪ್ರಾಕ್ಟೀಸ್ ಮಾಡ್ತಿದಾನೆ, ಸದ್ಯಕ್ಕೆ ಅದು ಹುಲ್ಲಿನ ಹೊರೆ ಥರ ಇದೆ.

ಹಳೇಪ್ಲೇಟು · ಗುರುವಾರ ರಾತ್ರಿ 10:40

ಐದು ಮಕ್ಕಳ ಹೆಸರು ಹೇಳಿದೆಯಲ್ಲ, ಶಭಾಷ್.

ಕುಂದಾನಗರಿ · ಗುರುವಾರ ರಾತ್ರಿ 11:05

ಅಕ್ಕಾ, ನಾ ಬೆಳಗಾವಿಯಾಕಿ, ಇಲ್ಲೇ ಪೇಪರ್‌ದಾಗ ಕೆಲಸ. ಅಧಿವೇಶನದ ಟೈಮಿನ್ಯಾಗ ಊರಾಗ ಒಂದು ಲಾಡ್ಜ್ ರೂಮ್ ಸಿಗಂಗಿಲ್ಲ, ಎಲ್ಲಾ ಸರ್ಕಾರದವರು ಮೊದಲ ಹಿಡದಿರ್ತಾರ. ನಿಮ್ಮ ಆಫೀಸಿನವರು ಎಲ್ಲೆರ ಧಾರವಾಡದಾಗ ಹಾಕಿ ಬಿಟ್ರ ದಿನಾ ಮುಂಜಾನೆ ಎಪ್ಪತ್ತು ಎಂಬತ್ತು ಕಿಲೋಮೀಟರ್. ನಮ್ಮ ಮನಿ ಹಿಂಡಲಗಾ ಕಡೆ ಐತಿ. ಮ್ಯಾಲಿನ ಖೋಲಿ ಖಾಲಿ. ನಮ್ಮವ್ವ ಅದಾಳ, ಮೊಮ್ಮಕ್ಕಳಿಲ್ಲಂತ ನನ್ನ ತಲಿ ತಿನ್ನಾಕತ್ತಾಳ. ಮಗಳನ್ನೂ ಕರ್ಕೊಂಡ ಬರ್ರಿ, ಚೆನ್ನಮ್ಮಾ ಎಕ್ಸ್‌ಪ್ರೆಸ್ ಹತ್ತಿದ್ರ ಮುಂಜಾನೆ ಇಲ್ಲಿ. ಸ್ವೆಟರ್ ಮರೀಬ್ಯಾಡ್ರಿ, ಡಿಸೆಂಬರ್ ಥಂಡಿ ನಿಮ್ಮ ಬೆಂಗಳೂರಿನಂಗಲ್ಲ.

ಮೂರನೇಮಹಡಿ · ಗುರುವಾರ ರಾತ್ರಿ 11:31

ಗಂಡನಿಗೆ ಓದಿ ಹೇಳಿದೆ. "ಹಾಗಾದರೆ ಜಡೆ ಕಲಿಯೋದು ಬೇಡ್ವಾ?" ಅಂದ. ಕಲಿ ಅಂದಿದೀನಿ.

ಅವ್ವನಿಗೆ ಏನು ತರಲಿ? ಕುಂದಾ ನಿಮ್ಮೂರಿನದೇ. ಮದ್ದೂರು ವಡೆ ಒಂದು ರಾತ್ರಿ ರೈಲಲ್ಲಿ ತಡೆಯುತ್ತಾ?